ಡಬಲ್ ಎಕ್ಸೆಲ್ ಯಾರದ್ದು ಎಂದು ಕೂಗಿದಾಗ

ಓದುಗರ ಪ್ರಶ್ನೆ, ನಮ್ಮ ಉತ್ತರ

ನವೆಂಬರ್ ಮುಗಿಯಿತು, ಆಫೀಸುಗಳಲ್ಲಿ ರಾಜ್ಯೋತ್ಸವದ ಟೀ ಶರ್ಟ್ ಹಂಚಿ ಆಯಿತು. ಅದರ ಹಿಂದೆಯೇ ಈ ಪತ್ರಗಳೂ ಬಂದಿವೆ. ಬಟ್ಟೆಯ ಅಳತೆಯ ಸುತ್ತ ಇರುವ ಐದನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರ ಹೆಸರು ಕೈಬಿಟ್ಟಿದ್ದೇವೆ.

ಪ್ರಶ್ನೆ: ನನಗೆ 38 ವರ್ಷ, ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಟೀ ಶರ್ಟ್ ಹಂಚುವಾಗ ಹಿರಿಯ ಸಹೋದ್ಯೋಗಿಯೊಬ್ಬರು ನನ್ನದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, "ಡಬಲ್ ಎಕ್ಸೆಲ್ ಯಾರದ್ದಪ್ಪಾ ಇದು, ಶಾಮಿಯಾನ ಹಾಕಬಹುದು!" ಎಂದರು. ಇಪ್ಪತ್ತು ಜನ ನಕ್ಕರು, ನಾನೂ ನಕ್ಕೆ. ಅವರನ್ನು ನಾನು ಅಕ್ಕ ಎಂದೇ ಕರೆಯುವುದು. ಹತ್ತು ದಿನದಿಂದ ಎಲ್ಲರೂ ಎದ್ದ ಮೇಲೆ ಊಟಕ್ಕೆ ಹೋಗುತ್ತಿದ್ದೇನೆ. ಆಗಲೇ ಹೇಳಬೇಕಿತ್ತು, ಈಗ ಹೊತ್ತು ಮೀರಿತೆ?

ಉತ್ತರ: ಮೀರಿಲ್ಲ. ನಕ್ಕಿದ್ದನ್ನು ಒಪ್ಪಿಗೆ ಎಂದು ನೀವೇ ಲೆಕ್ಕ ಹಾಕಿಕೊಂಡಿದ್ದೀರಿ. ಇಪ್ಪತ್ತು ಜನ ನಗುವಾಗ ಬಾಯಿ ತಾನಾಗಿಯೇ ಅಗಲವಾಗುತ್ತದೆ, ಅದು ಯಾವುದಕ್ಕೂ ಸಹಿ ಹಾಕಿದ ಹಾಗಲ್ಲ. ಹತ್ತು ದಿನವೆಂದರೆ ಆಡಿದವರಿಗೂ ಮಾತು ನೆನಪಿರುತ್ತದೆ. ಎರಡು ತಿಂಗಳು ಬಿಟ್ಟರೆ "ನಾನಾ? ಯಾವಾಗ ಅಂದೆ?" ಎಂಬಲ್ಲೇ ಮಾತು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಈ ವಾರವೇ ಹೇಳಿ.

ವಾಟ್ಸಾಪ್‌ನಲ್ಲಿ ಬೇಡ. ಉತ್ತರಕ್ಕೆ ಒಂದು "ಸಾರಿ ಕಣೇ", ಜೊತೆಗೆ ಮೂರು ನಗುವ ಮುಖ ಬರುತ್ತದೆ, ಅಲ್ಲಿಗೆ ಮುಗಿಯಿತು. ಮೇಲಾಗಿ ನಿಮ್ಮ ಸಾಲುಗಳ ಸ್ಕ್ರೀನ್‌ಶಾಟ್ ಯಾರ ಫೋನಿಗೆ ಹೋಗುತ್ತದೋ ಗೊತ್ತಾಗುವುದಿಲ್ಲ. ಊಟದ ಟೇಬಲ್ಲೂ ಬೇಡ, ಪಕ್ಕದವರ ಕಿವಿ ನೆಟ್ಟಗಾಗುತ್ತದೆ. ನಾಲ್ಕು ಗಂಟೆಯ ಟೀ ಮುಗಿಸಿ ಸೀಟಿಗೆ ಮರಳುವಾಗ "ಅಕ್ಕಾ, ಎರಡು ನಿಮಿಷ" ಎಂದು ಮೆಟ್ಟಿಲ ಹತ್ತಿರ ನಿಲ್ಲಿಸಿ. ಕೂತರೆ ಅದು ಪಂಚಾಯಿತಿಯಾಗುತ್ತದೆ, ನಿಂತಿದ್ದರೆ ಬೇಗ ಮುಗಿಯುತ್ತದೆ. ಹೇಳಬೇಕಾದದ್ದು ಮೂರೇ ವಾಕ್ಯ:

"ಅಕ್ಕಾ, ಅವತ್ತು ಟೀ ಶರ್ಟ್ ಎತ್ತಿ ಹಿಡಿದು ಶಾಮಿಯಾನ ಅಂದ್ರಲ್ಲ, ಎಲ್ಲರ ಮುಂದೆ ನಂಗೆ ಅವಮಾನ ಆಯ್ತು. ನಕ್ಕೆ ನಿಜ, ಆದ್ರೆ ನಗು ಬಂದಿರಲಿಲ್ಲ. ಇನ್ಮೇಲೆ ನನ್ನ ಬಟ್ಟೆ, ನನ್ನ ಮೈ ಬಗ್ಗೆ ಯಾರ ಮುಂದೇನೂ ಮಾತು ಬೇಡ."

ಮೊದಲನೆಯದರಲ್ಲಿ ಅವರದೇ ಶಬ್ದ ಇರಲಿ. "ನೀವು ಯಾವಾಗ್ಲೂ ಹೀಗೇ" ಎಂದು ಶುರುಮಾಡಿದರೆ ಯಾವಾಗಲೂ ಹೌದೋ ಅಲ್ಲವೋ ಎಂಬ ವಾದಕ್ಕೆ ದಾರಿಯಾಗುತ್ತದೆ. ಮೂರನೆಯದನ್ನು ಬಿಟ್ಟುಬಿಡಬೇಡಿ. ಹೆಚ್ಚಿನವರು ಎರಡನೆಯದಕ್ಕೇ ನಿಲ್ಲಿಸುತ್ತಾರೆ, ಎದುರಿನವರು "ಅಯ್ಯೋ, ಬೇಜಾರು ಮಾಡ್ಕೋಬೇಡ ಕಣೇ" ಎನ್ನುತ್ತಾರೆ. ಬೇಜಾರು ಮಾಡಿಕೊಳ್ಳದಿರುವ ಕೆಲಸವೂ ನಿಮ್ಮ ತಲೆಗೇ ಬರುತ್ತದೆ.

ಕಾರಣ ಕೊಡಲು ಹೋಗಬೇಡಿ. ಥೈರಾಯ್ಡ್ ಇದೆ, ಎರಡನೇ ಹೆರಿಗೆಯ ಮೇಲೆ ಇಳಿಯಲಿಲ್ಲ, ಮಾತ್ರೆಯಿಂದ ಹೀಗಾಯಿತು ಎಂದು ಬಾಯಿಬಿಟ್ಟ ಕ್ಷಣ ವಿಷಯ ಅವರ ನಾಲಿಗೆಯಿಂದ ನಿಮ್ಮ ಮೈಗೆ ಜಾರುತ್ತದೆ. ಆಮೇಲೆ ಖಾಲಿ ಹೊಟ್ಟೆಗೆ ಜೀರಿಗೆ ನೀರು, ರಾತ್ರಿ ಅನ್ನ ಬಿಡುವುದು, ಯಾರದೋ ನಾದಿನಿ ಎಂಟು ಕೆಜಿ ಇಳಿದ ಕತೆ. ನೀವು ಕೇಳಿದ್ದು ಪಥ್ಯವನ್ನಲ್ಲ.

"ತಮಾಷೆಗೆ ಅಂದಿದ್ದಪ್ಪ" ಎಂದರೆ "ಗೊತ್ತಕ್ಕಾ, ಆದ್ರೂ ಮತ್ತೆ ಬೇಡ" ಎನ್ನಿ, ಅಷ್ಟೇ. ಅವರು ಕಣ್ಣೀರು ಹಾಕಿಕೊಂಡರೆ ಸಮಾಧಾನ ಮಾಡುತ್ತಾ ನಿಮ್ಮ ಮಾತನ್ನೇ ಹಿಂದಕ್ಕೆ ತೆಗೆದುಕೊಳ್ಳಬೇಡಿ. "ಆಯ್ತು ಬಿಡಿ, ಹೇಳ್ಬೇಕಿತ್ತು ಹೇಳ್ದೆ" ಎಂದು ಸೀಟಿಗೆ ಹೊರಡಿ. ಅವರು ಆ ಕ್ಷಣಕ್ಕೆ ಏನೂ ಹೇಳದೆ ಮುಖ ಊದಿಸಿಕೊಂಡು ಹೋದರೂ, ಮರುದಿನ ನಿಮಗೆಂದು ಡಬ್ಬಿಯಲ್ಲಿ ಚಿರೋಟಿ ತಂದರೆ ತೆಗೆದುಕೊಂಡು ತಿನ್ನಿ. ನಮ್ಮ ಆಫೀಸುಗಳಲ್ಲಿ ಎಷ್ಟೋ ಕ್ಷಮಾಪಣೆ ಡಬ್ಬಿಯಲ್ಲೇ ಬರುತ್ತದೆ. ಮಾತಾಡಿದ ಮರುದಿನವೇ ಹಳೆಯ ಹೊತ್ತಿಗೆ, ಹಳೆಯ ಕುರ್ಚಿಗೇ ಊಟಕ್ಕೆ ಹೋಗಿ ಕೂರಿ. ತಡಮಾಡಿ ಹೋದಷ್ಟು ದಿನ ಆ ಟೇಬಲ್ ದೂರವಾಗುತ್ತದೆ.

ಇನ್ನೊಮ್ಮೆ ಇಂಥದ್ದೇ ನಡೆದರೆ ಅಲ್ಲಿಯೇ ಹೇಳಲು ಒಂದು ಮಾತು ಇಟ್ಟುಕೊಂಡಿರಿ: "ಹೌದು, ಡಬಲ್ ಎಕ್ಸೆಲ್. ನಂದೇ, ಕೊಡಿ ಇಲ್ಲಿ." ಕೈ ಚಾಚಿ, ಇಸ್ಕೊಳ್ಳಿ, ನಗಬೇಡಿ, ಸಿಟ್ಟೂ ಬೇಡ. ಮುಚ್ಚಿಡಬೇಕಾದದ್ದು ಬಯಲಾಯಿತು ಎಂಬುದರ ಮೇಲೆ ಆ ನಗು ನಿಂತಿರುತ್ತದೆ. ನೀವೇ ಅಳತೆಯನ್ನು ಚಪ್ಪಲಿ ನಂಬರಿನ ಹಾಗೆ ಹೇಳಿದರೆ ನಗಲು ಏನೂ ಉಳಿಯುವುದಿಲ್ಲ. ಇದನ್ನು ಮನೆಯಲ್ಲಿ ಐದಾರು ಸಲ ಗಟ್ಟಿಯಾಗಿ ಹೇಳಿ ನೋಡಿ. ಮನಸ್ಸಿನಲ್ಲಿ ಚೆನ್ನಾಗಿರುವ ವಾಕ್ಯ ಬಾಯಿಗೆ ಬಂದಾಗ ಅರ್ಧಕ್ಕೇ ನಿಲ್ಲುವುದುಂಟು. ಎದುರೇಟಿನ ಜೋಕು ಮಾತ್ರ ಬೇಡ. "ನಿಮ್ಮ ಯಜಮಾನರ ಹೊಟ್ಟೆಗಿಂತ ಚಿಕ್ಕದೇ ಬಿಡಿ" ಎಂದರೆ ಆ ಗಳಿಗೆಗೆ ಚಪ್ಪಾಳೆ ಸಿಗುತ್ತದೆ, ಆದರೆ ಅಲ್ಲಿಂದ ಇದು ಇಬ್ಬರೂ ಆಡುವ ಆಟ. ತನ್ನನ್ನೇ ಹಂಗಿಸಿಕೊಳ್ಳುವುದು ಇನ್ನೂ ಕೆಟ್ಟದು, ವಾರದೊಳಗೆ ಅದೇ ಅಡ್ಡಹೆಸರಾಗುತ್ತದೆ.

ಕೊನೆಗೆ ಆ ಟೀ ಶರ್ಟಿನ ವಿಷಯ. ಕಂಪನಿಗಳು ಸಗಟಾಗಿ ಮಾಡಿಸುವ ರೌಂಡ್ ನೆಕ್ ಟೀ ಶರ್ಟು ಸಾಮಾನ್ಯವಾಗಿ ಗಂಡಸರ ಕಟಿಂಗಿನದು: ಭುಜ ಅಗಲ, ಕೆಳಗಿನವರೆಗೆ ನೇರ. ಸೊಂಟದ ಕೆಳಗೆ ಇಳಿಯಲೆಂದೇ ಹೆಂಗಸರು ಒಂದು ಸೈಜ್ ದೊಡ್ಡದು ಬರೆಸಬೇಕಾಗುತ್ತದೆ, ಆಗ ಭುಜ ಜೋತುಬೀಳುತ್ತದೆ. ಎಕ್ಸೆಲ್ ಎಂಬುದೂ ಎಲ್ಲ ಕಡೆ ಒಂದೇ ಅಲ್ಲ. ಒಬ್ಬರಲ್ಲಿ ಎದೆ ಸುತ್ತಳತೆ 42 ಇಂಚು, ಇನ್ನೊಬ್ಬರಲ್ಲಿ 44. ಟೀ ಶರ್ಟನ್ನು ಮೇಜಿನ ಮೇಲೆ ಹರಡಿ, ಕಂಕುಳಿನಿಂದ ಒಂದು ಇಂಚು ಕೆಳಗೆ ಈ ಹೊಲಿಗೆಯಿಂದ ಆ ಹೊಲಿಗೆಗೆ ಟೇಪ್ ಹಿಡಿದು, ಬಂದದ್ದನ್ನು ದುಪ್ಪಟ್ಟು ಮಾಡಿ. 22 ಬಂದರೆ ಅದು 44 ಇಂಚಿನದು. ನಿಮ್ಮ ಮೈಯಳತೆಗಿಂತ ಮೂರು ನಾಲ್ಕು ಇಂಚು ಹೆಚ್ಚಿದ್ದರೆ ಆರಾಮಾಗಿ ಕೂರುತ್ತದೆ. ಮೊದಲೇ ಕುಗ್ಗಿಸಿರದ ಹತ್ತಿಬಟ್ಟೆ ಒಗೆದಾಗ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ, ಅಂದರೆ 44ರಲ್ಲಿ ಸುಮಾರು ಒಂದೂಕಾಲಿನಿಂದ ಎರಡೂಕಾಲು ಇಂಚು ಹೋಯಿತು. ದೊಡ್ಡದು ಬರೆಸಿದ ನಿಮ್ಮ ಲೆಕ್ಕ ಸರಿಯಾಗಿಯೇ ಇತ್ತು.

ಪ್ರಶ್ನೆ: ನನ್ನದು ಉಲ್ಟಾ ಸಮಸ್ಯೆ. 26 ವರ್ಷ, 51 ಕೆಜಿ, ಹುಬ್ಬಳ್ಳಿಯಲ್ಲಿ ಕೆಲಸ. "ಏನಪಾ, ಹ್ಯಾಂಗರಿಗೆ ಅಂಗಿ ಹಾಕಿದಂಗ ಕಾಣ್ತದಲ್ಲೋ" ಎಂದು ಹಿರಿಯರೊಬ್ಬರು ಗಿರಾಕಿಗಳ ಮುಂದೆಯೇ ಅನ್ನುತ್ತಾರೆ. ಗಂಡಸಾಗಿ ಇದಕ್ಕೆಲ್ಲ ಬೇಸರ ಮಾಡಿಕೊಳ್ಳಬಾರದು ಎನ್ನುತ್ತಾರೆ ಗೆಳೆಯರು.

ಉತ್ತರ: ಗೆಳೆಯರ ಮಾತು ಬಿಡಿ. ದಪ್ಪ ಎನ್ನಲು ಹಿಂದೆಮುಂದೆ ನೋಡುವವರೂ ತೆಳ್ಳಗಿರುವವರನ್ನು ಧಾರಾಳವಾಗಿ ಆಡಿಕೊಳ್ಳುತ್ತಾರೆ, ಅದನ್ನು ಕಾಳಜಿ ಎಂದೂ ತಿಳಿದಿರುತ್ತಾರೆ. ಗಿರಾಕಿ ಎದುರಿಗಿದ್ದಾಗ ಮಾತನ್ನು ಕೆಲಸಕ್ಕೆ ತಿರುಗಿಸಿ: "ಅಂಗಿ ಮಾತು ಸಾಕ್ರಿ ಸರ, ಇವ್ರ ಫೈಲ್ ಎಲ್ಲೈತಿ ಹೇಳ್ರಿ." ನಿಮ್ಮ ಊರ ಮಾತಿನಲ್ಲೇ ಹೇಳಿ, ಪುಸ್ತಕದ ಕನ್ನಡಕ್ಕೆ ತಿರುಗಿದರೆ ಜಗಳಕ್ಕೆ ನಿಂತ ಹಾಗೆ ಕೇಳಿಸುತ್ತದೆ. ಸಂಜೆ ಒಬ್ಬರೇ ಸಿಕ್ಕಾಗ, "ಗಿರಾಕಿ ಮುಂದ ಹಂಗ ಅನಬ್ಯಾಡ್ರಿ, ಆಮ್ಯಾಲೆ ಅವ್ರು ನನ್ನ ಮಾತಿಗೆ ಕಿಮ್ಮತ್ತು ಕೊಡಂಗಿಲ್ಲ" ಎನ್ನಿ. ಹಿರಿಯರಿಗೆ ಬೇಸರದ ಮಾತಿಗಿಂತ ಕೆಲಸದ ಮಾತು ಬೇಗ ತಟ್ಟುತ್ತದೆ.

ಅಂಗಿ ನಿಜಕ್ಕೂ ಜೋಲುತ್ತಿದೆ ಎಂದು ನಿಮಗೇ ಅನ್ನಿಸಿದರೆ ಭುಜದ ಹೊಲಿಗೆ ನೋಡಿ. ಅದು ಭುಜದ ಮೂಳೆಯ ತುದಿಗೆ ಕೂರಬೇಕು. ಕೆಳಗೆ ಜಾರಿದ್ದರೆ ಆ ಅಂಗಿ ಬಿಟ್ಟು ಚಿಕ್ಕ ಸೈಜ್ ತೆಗೆದುಕೊಳ್ಳಿ, ಯಾಕೆಂದರೆ ಭುಜ ಸರಿಮಾಡಲು ತೋಳು ಬಿಚ್ಚಿ ಮತ್ತೆ ಕೂರಿಸಬೇಕು, ದರ್ಜಿಗೂ ತಲೆನೋವು. ಭುಜ ಸರಿಯಿದ್ದು ಮೈ ಮಾತ್ರ ಸಡಿಲವಿದ್ದರೆ, ಪಕ್ಕದ ಹೊಲಿಗೆ ಒಳಕ್ಕೆ ಹಿಡಿಯುವುದು ಅರ್ಧ ಗಂಟೆಯ ಕೆಲಸ.

ಪ್ರಶ್ನೆ: ನಾನು ಎಚ್.ಆರ್. ವಿಭಾಗದಲ್ಲಿದ್ದೇನೆ. ಮಾರ್ಚಿಗೆ 140 ಟೀ ಶರ್ಟ್ ಮಾಡಿಸಬೇಕು. ಕಳೆದ ಸಲ ಇಂಥದ್ದೇ ರಗಳೆ ಆಗಿತ್ತು.

ಉತ್ತರ: ರಗಳೆ ಹಂಚುವ ದಿನ ಶುರುವಾಗುವುದಲ್ಲ, ಸೈಜ್ ಬರೆಸಿಕೊಳ್ಳುವ ದಿನವೇ ಶುರು. ಎಲ್ಲರೂ ತೆರೆದು ನೋಡುವ ಶೀಟಿನಲ್ಲಿ ಹೆಸರಿನ ಮುಂದೆ ಸೈಜ್ ತುಂಬಿಸಿದರೆ ಸಂಜೆಯೊಳಗೆ ಅದು ಹರಟೆಯ ವಸ್ತು. ಅಲ್ಲೇ ಕೆಲವರು ನಾಚಿಕೆಗೆ ಒಂದು ಸೈಜ್ ಕಮ್ಮಿ ಬರೆದುಬಿಡುತ್ತಾರೆ, ನಿಮ್ಮ ಆರ್ಡರೂ ಹಾಳು. ಉತ್ತರ ನಿಮಗೊಬ್ಬರಿಗೇ ಕಾಣುವಂಥ ಫಾರ್ಮ್ ಕಳಿಸಿ. ಅದರಲ್ಲಿ ಬರೀ ಎಂ, ಎಲ್ ಅಲ್ಲ, ಎದೆ ಮತ್ತು ಉದ್ದ ಇಂಚಿನಲ್ಲಿ ಇರಲಿ. ಎಕ್ಸ್‌ಎಸ್‌ನಿಂದ 5 ಎಕ್ಸೆಲ್‌ವರೆಗೂ ಸಾಲಿರಲಿ, ಕೊನೆಗೆ "ಇತರೆ" ಬೇಡ. ಟೀ ಶರ್ಟ್ ಮಾಡಿಕೊಡುವ ಪ್ರಿಂಟರ್ ಹತ್ತಿರ ಪ್ರತಿ ಸೈಜಿನ ಒಂದೊಂದು ಮಾದರಿ ಎರಡು ದಿನಕ್ಕೆ ಇಸ್ಕೊಂಡು, ಬಾಗಿಲು ಮುಚ್ಚುವ ಕೋಣೆಯಲ್ಲಿಡಿ. ಹೆಂಗಸರ ಕಟಿಂಗ್ ಬೇರೆ ಸಿಗುತ್ತದೆಯೇ ಕೇಳಿ.

140ಕ್ಕೆ ಹನ್ನೊಂದು ಹೆಚ್ಚು ಮಾಡಿಸಿ. ಎಲ್, ಎಕ್ಸೆಲ್‌ಗಳಲ್ಲಿ ಎರಡೆರಡು, ಉಳಿದದ್ದರಲ್ಲಿ ಒಂದೊಂದು. ಬದಲಿಸಿಕೊಳ್ಳಲು ಬಂದವರು ಅಲ್ಲೇ ನಿಂತು ಅಕ್ಕಪಕ್ಕದವರನ್ನು ಕೇಳುವಂತಾಗಬಾರದು. ಕೆಲವು ಪ್ರಿಂಟರ್‌ಗಳು ದೊಡ್ಡ ಸೈಜಿಗೆ ಹೆಚ್ಚು ದುಡ್ಡು ಹಾಕುತ್ತಾರೆ. ಅದು ಕಂಪನಿಯ ಲೆಕ್ಕಕ್ಕೆ ಹೋಗಬೇಕು, ಆ ವ್ಯಕ್ತಿಯಿಂದ ಎಪ್ಪತ್ತು ರೂಪಾಯಿ ವಸೂಲಿ ಮಾಡಿದಿರೋ, ಕಳೆದ ಸಲದ ರಗಳೆ ಏನೂ ಅಲ್ಲ. ಹಂಚುವಾಗ ರಾಶಿ ಹಾಕಿ ಕೂಗಬೇಡಿ. ಸೈಜಿನ ಚೀಟಿ ಒಳಮಡಿಕೆಗೆ ಹೋಗುವಂತೆ ಮಡಚಿ, ಒಳಗಿನದು ಕಾಣದ ಕವರಿಗೆ ಹಾಕಿ, ಹೆಸರು ಮಾತ್ರ ಬರೆದು, ಬೆಳಿಗ್ಗೆ ಜನ ಬರುವ ಮೊದಲು ಸೀಟಿನ ಮೇಲೆ ಇಟ್ಟುಬಿಡಿ. ಇಬ್ಬರಿಗೆ ಒಂದೂವರೆ ಗಂಟೆ ಹಿಡಿಯಬಹುದು.

ಪ್ರಶ್ನೆ: ನಮ್ಮ ಮ್ಯಾನೇಜರ್ ಮೀಟಿಂಗಿನಲ್ಲಿ ನನ್ನ ಕುರ್ತಾ "ಎಲ್ಲೆಲ್ಲಿ ಟೈಟ್ ಇರಬೇಕೋ ಅಲ್ಲಲ್ಲೇ ಟೈಟ್ ಇದೆ" ಎಂದರು. ಮೂರನೇ ಸಲ ಇದು. ಇದನ್ನೂ ಪಕ್ಕಕ್ಕೆ ಕರೆದು ಹೇಳಬೇಕೆ?

ಉತ್ತರ: ಬೇಕಿಲ್ಲ. ಇದು ಅಳತೆಯ ಮಾತೇ ಅಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಲೈಂಗಿಕ ಛಾಯೆಯ ಮಾತನ್ನು ಹೆಸರಿಸಿಯೇ ಸೇರಿಸಲಾಗಿದೆ, ಮುಟ್ಟಿರಬೇಕು ಎಂದೇನಿಲ್ಲ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದು. ಅದಕ್ಕಿಂತ ಚಿಕ್ಕ ಜಾಗವಾದರೆ, ಅಥವಾ ದೂರು ಮಾಲೀಕರ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು.

ಘಟನೆಯಿಂದ ಮೂರು ತಿಂಗಳೊಳಗೆ ಬರಹದಲ್ಲಿ ದೂರು ಕೊಡಿ. ಹಲವು ಸಲ ನಡೆದಿದ್ದರೆ ಕೊನೆಯ ಸಲದಿಂದ ಲೆಕ್ಕ. ತಡಕ್ಕೆ ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ದಾಖಲೆ ಸಮೇತ ಆರು ಪ್ರತಿ ಕೊಡಬೇಕು. ಮ್ಯಾನೇಜರ್‌ಗೆ ಏಳು ಕೆಲಸದ ದಿನದೊಳಗೆ ಒಂದು ಪ್ರತಿ ಹೋಗುತ್ತದೆ, ಆತ ಹತ್ತು ಕೆಲಸದ ದಿನದೊಳಗೆ ಉತ್ತರಿಸಬೇಕು. ವಿಚಾರಣೆಗೆ 90 ದಿನ. ನೀವೇ ಕೇಳಿದರೆ ರಾಜಿ ಮಾಡಿಸಬಹುದು, ಆದರೆ ದುಡ್ಡಿನ ಮೇಲೆ ರಾಜಿಗೆ ಕಾಯ್ದೆ ಒಪ್ಪುವುದಿಲ್ಲ.

ದೂರು ಸೋಲುವುದು ಹೆಚ್ಚಾಗಿ "ಅಸಭ್ಯವಾಗಿ ಮಾತಾಡಿದರು" ಎಂಬಂಥ ಸಾಲಿನಿಂದ. ಆಡಿದ ಮಾತನ್ನು ಅದು ಎಷ್ಟೇ ಮುಜುಗರದ್ದಾದರೂ ಹಾಗ್ಹಾಗೇ ಬರೆಯಿರಿ, ತಾರೀಕು, ಹೊತ್ತು, ಯಾವ ಕೋಣೆ, ಎದುರಿಗೆ ಯಾರ್ಯಾರು ಇದ್ದರು ಎಂಬುದರ ಸಮೇತ. ಮೂರು ಸಲದ್ದಕ್ಕೆ ಮೂರು ಪ್ಯಾರಾ. ಇವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಅದನ್ನು ಆಫೀಸಿನ ಡ್ರಾವರಿನಲ್ಲಲ್ಲ, ಮನೆಯಲ್ಲಿಡಿ.

ಪ್ರಶ್ನೆ: ತಪ್ಪು ಮಾಡಿದವಳು ನಾನೇ. ಸಹೋದ್ಯೋಗಿ ಸಡಿಲವಾದ ಡ್ರೆಸ್ ಹಾಕಿ ಬಂದಿದ್ದಳು. ಎಲ್ಲರ ಮುಂದೆ "ಏನೇ, ವಿಶೇಷಾನಾ?" ಎಂದುಬಿಟ್ಟೆ. ವಿಶೇಷ ಏನೂ ಇರಲಿಲ್ಲ. ಈಗ ಹೇಗೆ ಮುಖ ತೋರಿಸಲಿ?

ಉತ್ತರ: ನಾಳೆ ಬೆಳಿಗ್ಗೆಯೇ, ಅವರೊಬ್ಬರೇ ಇದ್ದಾಗ: "ಅವತ್ತು ನಾನು ಹಾಗೆ ಕೇಳಬಾರದಿತ್ತು. ತಪ್ಪಾಯ್ತು." ಡ್ರೆಸ್ ಹಾಗಿತ್ತು, ನಿಂತ ಭಂಗಿ ಹಾಗಿತ್ತು ಎಂದು ಸೇರಿಸಿದಿರೋ, ಅದೇ ಮಾತನ್ನು ಎರಡನೇ ಸಲ ಹೇಳಿದ ಹಾಗೆ. "ನೀನೇನು ದಪ್ಪ ಇಲ್ಲ ಬಿಡು" ಎಂಬ ಸಮಾಧಾನವಂತೂ ಬೇಡವೇ ಬೇಡ. ಅವರು ಮಕ್ಕಳಿಗಾಗಿ ಚಿಕಿತ್ಸೆಯಲ್ಲಿರಬಹುದು, ಗರ್ಭ ಕಳೆದುಕೊಂಡಿರಬಹುದು, ನಿಮಗೆ ತಿಳಿಯಬೇಕಾದ ವಿಷಯ ಅದಲ್ಲ, ಕೇಳಲೂಬೇಡಿ. ಉತ್ತರ ಬರಲೇಬೇಕು ಎಂದು ಮುಖ ನೋಡುತ್ತಾ ನಿಲ್ಲಬೇಡಿ. ಅಂದು ಅಲ್ಲಿದ್ದವರು ಮಧ್ಯಾಹ್ನ ಈ ಮಾತು ತೆಗೆದರೆ "ಅದು ನಂದೇ ತಪ್ಪು, ಬಿಡಿ" ಎಂದು ನೀವೇ ಮುಚ್ಚಿ. ಆಕೆ ಎರಡು ಮೂರು ವಾರ ಬಿಗಿಯಾಗಿಯೇ ಇದ್ದರೆ ಇರಲಿ, ಫೈಲ್ ಕೊಡುವಾಗ ಎಂದಿನಂತೆ ಕೊಡಿ.