ಹಳೇ ಮನೆಗೆ ಹೊಸ ವೈರಿಂಗ್: ಅರ್ಥಿಂಗ್ ಮೊದಲು, ಸ್ವಿಚ್ ಕೊನೆಗೆ

ಪ್ರಶ್ನೆ: ನಮ್ಮ ತಂದೆಯವರು ಐವತ್ತು ವರ್ಷದ ಹಿಂದೆ ಕಟ್ಟಿಸಿದ ಮನೆ. ಕಲ್ಲಿನ ಗೋಡೆ, ಮೇಲೆ ಕಲ್ಲು ಚಪ್ಪಡಿ. ಮುಂದಿನ ಭಾಗದಲ್ಲಿ ಮರದ ಪಟ್ಟಿಯ ಮೇಲಿನ ವೈರಿಂಗ್ ಹಾಗೇ ಇದೆ. ಹಿಂದುಗಡೆ ಆಮೇಲೆ ಸೇರಿಸಿದ ಅಡುಗೆಮನೆ, ಬಚ್ಚಲಿಗೆ ಪೈಪ್ ವೈರಿಂಗ್ ಇದೆ. ಒಂದು ಕೋಣೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಗೀಸರ್ ಹಾಕಿ ಮಿಕ್ಸಿ ತಿರುಗಿಸಿದರೆ ಫ್ಯೂಸ್ ಹೋಗುತ್ತೆ. ಬಚ್ಚಲಲ್ಲಿ ನಲ್ಲಿ ಮುಟ್ಟಿದರೆ ಕೈ ಜುಂ ಅನ್ನುತ್ತೆ. ಎಲೆಕ್ಟ್ರಿಷಿಯನ್ 'ಫ್ಯೂಸಿಗೆ ದಪ್ಪ ತಂತಿ ಹಾಕೋಣ, ಬೋರ್ಡ್ ಬದಲಾಯಿಸೋಣ, ಸಾಕು' ಅಂತಾರೆ. ಮಗ ಪೂರ್ತಿ ಬದಲಾಯಿಸಲೇಬೇಕು ಅಂತಾನೆ. ಮೇ ತಿಂಗಳಲ್ಲಿ ಮಗಳ ಮದುವೆ. ಮನೆಯಲ್ಲಿ ಇದ್ದುಕೊಂಡೇ ಮಾಡಿಸಬಹುದಾ ಸರ್? ಎಲ್ಲಿಂದ ಶುರು ಮಾಡಬೇಕು?
— ಒಬ್ಬ ಓದುಗರು, ಶಿಡ್ಲಘಟ್ಟ

ಉತ್ತರ: ಉಳಿದದ್ದು ಆಮೇಲೆ ಓದಿ. ಮೊದಲು ಹೋಗಿ ಗೀಸರ್ ಆರಿಸಿ, ಪ್ಲಗ್ ಕಿತ್ತಿಡಿ. ಕೆಲಸ ಮುಗಿಯುವವರೆಗೆ ನೀರು ಒಲೆಯ ಮೇಲೆ ಕಾಯಲಿ. ನಲ್ಲಿ ಜುಂ ಅನ್ನುತ್ತಿದೆ ಅಂದರೆ ಗೀಸರ್ ಕಾಯಿಲ್‌ನಿಂದ ಕರೆಂಟು ಸೋರಿ ನೀರಿನ ಪೈಪಿಗೆ ಬರುತ್ತಿರುವ ಸಾಧ್ಯತೆಯೇ ಜಾಸ್ತಿ. ಅದನ್ನು ನೆಲಕ್ಕೆ ಇಳಿಸಬೇಕಾದ ಅರ್ಥಿಂಗ್ ಇಲ್ಲ, ಇಲ್ಲವೇ ಹೆಸರಿಗಷ್ಟೇ ಇದೆ. ಒದ್ದೆ ಕಾಲಲ್ಲಿ ನಿಂತವರಿಗೆ ಇದು ಜೀವಕ್ಕೆ ಅಪಾಯ.

ದಪ್ಪ ತಂತಿಯ ಮಾತನ್ನು ಅಲ್ಲಿಗೇ ಬಿಡಿ. ವೈರ್ ಸುಡುವ ಮೊದಲು ತಾನು ಸುಡಲಿ ಅಂತಲೇ ಫ್ಯೂಸ್ ಇರೋದು. ದಪ್ಪ ತಂತಿ ಹಾಕಿದರೆ ಫ್ಯೂಸ್ ಉಳಿಯುತ್ತೆ, ವೈರ್ ಸುಡುತ್ತೆ. ನಿಮ್ಮದು ಮರದ ಪಟ್ಟಿ ಬೇರೆ.

ಮಗ ಹೇಳಿದ್ದೇ ಸರಿ, ಪೂರ್ತಿ ಬದಲಾಯಿಸಿ. ಕಾರಣ ಹೇಳ್ತೀನಿ. ಆ ಕಾಲದ ವೈರಿನ ಹೊದಿಕೆ ರಬ್ಬರ್ ಅಥವಾ ಹಳೇ ಪಿವಿಸಿ. ಮುಟ್ಟದೆ ಇದ್ದಷ್ಟು ದಿನ ಅದು ಚೆನ್ನಾಗೇ ಕಾಣುತ್ತೆ. ಹೊಸ ಬೋರ್ಡ್ ಕೂರಿಸೋಕೆ ಅಂತ ಮರದ ಗುಂಡು ಬ್ಲಾಕ್ ಬಿಚ್ಚಿ ವೈರನ್ನು ಸ್ವಲ್ಪ ಬಗ್ಗಿಸಿ ನೋಡಿ: ಹೊದಿಕೆ ಬಿರಿದು ಪುಡಿಯಾಗಿ ಬೆರಳಿಗೆ ಅಂಟುತ್ತೆ, ಒಳಗಿನ ತಂತಿ ಬೆತ್ತಲೆ. ಅದಕ್ಕೆ ಟೇಪ್ ಸುತ್ತಿ ಮುಚ್ಚಿಟ್ಟರೆ ಕೆಲಸ ಮುಗಿದಂತೆ ಕಾಣುತ್ತೆ ಅಷ್ಟೇ. ಹಳೇ ವೈರ್ ಅಲ್ಯೂಮಿನಿಯಂ ಆಗಿದ್ದರೆ ಇನ್ನೂ ಕಷ್ಟ. ತಾಮ್ರಕ್ಕೂ ಅದಕ್ಕೂ ಹಾಕಿದ ಗಂಟು ಬರಬರುತ್ತಾ ಸಡಿಲಾಗಿ ಬಿಸಿಯಾಗುತ್ತೆ. ಮೇಲಾಗಿ ಹಳೇ ಲೈಟ್, ಫ್ಯಾನ್ ಲೈನಿನಲ್ಲಿ ಅರ್ಥಿಂಗ್ ವೈರೇ ಇರೋದಿಲ್ಲ. ಮೂರು ಪಿನ್ ಸಾಕೆಟ್ ಕೂರಿಸಿದರೂ ಮೇಲಿನ ದೊಡ್ಡ ತೂತು ಖಾಲಿ. ಕೆಲವರು ಆ ತೂತಿಗೆ ನ್ಯೂಟ್ರಲ್ಲನ್ನೇ (ಕರೆಂಟು ವಾಪಸ್ ಹೋಗುವ ವೈರ್) ಕೊಟ್ಟುಬಿಡ್ತಾರೆ. ಎಲ್ಲೋ ಒಂದು ಕಡೆ ನ್ಯೂಟ್ರಲ್ ಕಿತ್ತುಹೋದ ದಿನ ಫ್ರಿಜ್ಜು, ವಾಷಿಂಗ್ ಮೆಷಿನ್ನಿನ ಮೈಗೆಲ್ಲ 230 ವೋಲ್ಟ್ ಬರುತ್ತೆ. ಸಿಕ್ಕಿದರೆ ಅಂಥ ಎಲೆಕ್ಟ್ರಿಷಿಯನ್ನನ್ನೇ ಬದಲಾಯಿಸಿ.

ಯೋಜನೆ ಅಂದರೆ ಮೊದಲು ಒಂದು ಸೀಮೆಸುಣ್ಣ ಹಿಡಿದು ಮನೆಯೆಲ್ಲ ಓಡಾಡೋದು. ಮನೆಯವರೆಲ್ಲ ಜೊತೆಗಿರಲಿ, ಮುಖ್ಯವಾಗಿ ಅಡುಗೆ ಮಾಡುವವರು. ಎಲ್ಲಿ ಏನು ಬೇಕೋ ಗೋಡೆ ಮೇಲೆ ಗುರುತು ಹಾಕಿ. ಮಿಕ್ಸಿ, ಫ್ರಿಜ್, ಮಂಚದ ಪಕ್ಕ ಮೊಬೈಲ್ ಚಾರ್ಜು, ದೇವರ ಮನೆ. ಹಬ್ಬ ಬಂದಾಗ ದೇವರ ಮನೆಗೆ ನಡುಮನೆಯಿಂದ ಎಕ್ಸ್‌ಟೆನ್ಷನ್ ಎಳೆಯುವ ಮನೆಗಳು ಎಷ್ಟಿಲ್ಲ?

ಆಮೇಲೆ ಲೋಡಿನ ಲೆಕ್ಕ. ಗೀಸರ್ 2000 ವ್ಯಾಟ್, ಇಸ್ತ್ರಿ ಪೆಟ್ಟಿಗೆ 1000, ಮಿಕ್ಸಿ 750, ಒಂದು ಎಚ್‌ಪಿ ಮೋಟಾರ್ ಸುಮಾರು 750, ವಾಷಿಂಗ್ ಮೆಷಿನ್ 500, ಐದು ಫ್ಯಾನಿಗೆ 375, ಲೈಟು, ಟಿವಿ, ಫ್ರಿಜ್ ಸೇರಿ ಇನ್ನೊಂದು 400. ಒಟ್ಟು 5800 ವ್ಯಾಟ್ ಹತ್ತಿರ ಬರುತ್ತೆ. ಎಲ್ಲಾ ಒಟ್ಟಿಗೆ ಓಡಲ್ಲ. ಆದರೂ ಬೆಳಗಿನ ಹೊತ್ತು 4000 ವ್ಯಾಟ್ ಅಂದರೆ 17 ಆಂಪಿಯರ್ ಎಳೆಯಬಹುದು. ನಿಮ್ಮ ಕರೆಂಟ್ ಬಿಲ್ಲಿನಲ್ಲಿ ಆರ್.ಆರ್. ನಂಬರ್ ಜೊತೆಗೆ ಮಂಜೂರಾದ ಲೋಡ್ ಎಷ್ಟು ಅಂತ ಇರುತ್ತೆ. ಹಳೇ ಮನೆಗಳಲ್ಲಿ ಅದು ತುಂಬಾ ಕಡಿಮೆ ಇರೋದೇ ಹೆಚ್ಚು. ಹೆಚ್ಚಿಸಿಕೊಳ್ಳೋಕೆ ಬೆಸ್ಕಾಂ ಕಚೇರಿಯಲ್ಲಿ ಅರ್ಜಿ ಹಾಕಿ. ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕ ಜಾಸ್ತಿ ಆಗುತ್ತೆ, ಅದು ಗೊತ್ತಿರಲಿ. ಮೀಟರ್ ಮತ್ತು ಅದಕ್ಕೆ ಮುಂಚಿನ ಸರ್ವಿಸ್ ವೈರ್ ಬೆಸ್ಕಾಂನವರ ಕೆಲಸ. ಸೀಲ್ ಮುಟ್ಟಲೇಬೇಡಿ, ನಿಮ್ಮ ಕಡೆಯವರನ್ನೂ ಮುಟ್ಟೋಕೆ ಬಿಡಬೇಡಿ.

ಇನ್ನು ಸರ್ಕ್ಯೂಟ್ ಹಂಚಿಕೆ. ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಇದೇ. ಮೀಟರಿನಿಂದ ಡಿಬಿಗೆ (ಎಲ್ಲ ಲೈನ್‌ಗಳನ್ನು ಹಂಚುವ ಮುಖ್ಯ ಬೋರ್ಡ್) 6 ಚದರ ಮಿಲಿಮೀಟರ್ ತಾಮ್ರದ ವೈರ್ ಬರಲಿ. ಡಿಬಿಯಿಂದ ಲೈಟು, ಫ್ಯಾನಿಗೆ 1.5ರ ವೈರ್, 10 ಆಂಪಿಯರ್ ಎಂಸಿಬಿ (ಫ್ಯೂಸಿನ ಬದಲಿಗೆ ಹಾಕುವ, ಲೋಡ್ ಮೀರಿದರೆ ತಾನಾಗೇ ಬೀಳುವ ಸ್ವಿಚ್). ಒಂದು ಲೈನಿಗೆ ಹತ್ತು ಪಾಯಿಂಟ್ ಮೀರದಿರಲಿ. ಅಡುಗೆಮನೆಯ ಪವರ್ ಪ್ಲಗ್‌ಗಳಿಗೆ 2.5ರ ವೈರ್, 16 ಆಂಪಿಯರ್. ಗೀಸರಿಗೆ 4ರ ವೈರ್, 20 ಆಂಪಿಯರ್, ಅದಕ್ಕೆ ಬೇರೇನೂ ಸೇರಿಸಬಾರದು. ಮೋಟಾರಿಗೂ ಬೇರೆ ಲೈನ್. ಎಲ್ಲ ಲೈನಿಗೂ ಅರ್ಥಿಂಗಿನ ಹಸಿರು ವೈರ್ ಕಡ್ಡಾಯ. ಎಂಸಿಬಿ ಕಾಪಾಡೋದು ವೈರನ್ನು, ನಿಮ್ಮನ್ನಲ್ಲ. ಅದು ಬೀಳಬೇಕಾದರೆ ಹತ್ತಾರು ಆಂಪಿಯರ್ ಬೇಕು, ಮನುಷ್ಯನ ಪ್ರಾಣ ಹೋಗೋಕೆ ಅದರಲ್ಲಿ ನೂರನೇ ಒಂದು ಪಾಲೂ ಬೇಡ. ಆದ್ದರಿಂದ ಡಿಬಿಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನಾಗೇ ಬೀಳುವ ಸ್ವಿಚ್) ಇರಲೇಬೇಕು. ಸಾಧ್ಯವಾದರೆ ಎರಡು ಹಾಕಿಸಿ. ಬಚ್ಚಲಿನ ಗೀಸರ್ ಕೆಟ್ಟರೆ ನಡುಮನೆಯ ಲೈಟ್ ಯಾಕೆ ಹೋಗಬೇಕು?

ಹುಳು ಸಾಕೋ ಕೋಣೆಗೆ ಒಂದು ಸರ್ಕ್ಯೂಟನ್ನೇ ಮೀಸಲಿಡಿ. ಚಳಿಗಾಲದಲ್ಲಿ ಹೀಟರ್ ಇಡ್ತೀರಿ, ಒಳಗೆ ಯಾವಾಗಲೂ ತೇವ, ಪ್ರತಿ ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್ ಹೊಡೀತೀರಿ. ಕಬ್ಬಿಣದ ಬಾಕ್ಸ್, ಸ್ಕ್ರೂಗಳನ್ನು ಅದು ಬೇಗ ತಿಂದುಹಾಕುತ್ತೆ. ಪಿವಿಸಿ ಬಾಕ್ಸ್ ಹಾಕಿಸಿ, ಸ್ವಿಚ್ ಬೋರ್ಡು ಬಾಗಿಲ ಹೊರಗೇ ಇರಲಿ.

ಚಪ್ಪಡಿ ವಿಷಯಕ್ಕೆ ಬರೋಣ. ಕಾಂಕ್ರೀಟ್ ಸೂರಿನ ಮನೆಯಲ್ಲಿ ಮಾಡಿದ ಹಾಗೆ ಇಲ್ಲಿ ಮಾಡೋಕೆ ಆಗಲ್ಲ. ಚಪ್ಪಡಿಯಲ್ಲಿ ಕಬ್ಬಿಣದ ಸರಳು ಇಲ್ಲ. ಭಾರವೆಲ್ಲ ಅದರ ಅಡಿಭಾಗವನ್ನು ಎಳೆಯುತ್ತಿರುತ್ತೆ. ಅಲ್ಲಿ ಮೆಷಿನ್ನಿನಲ್ಲಿ ಕೊರೆದರೆ ಚಪ್ಪಡಿ ಬಿರಿಯಬಹುದು. ಪೈಪನ್ನು ಎರಡು ಚಪ್ಪಡಿ ಕೂಡುವ ಸಂದಿನ ಉದ್ದಕ್ಕೆ ಹೊರಗಿನಿಂದಲೇ ಕ್ಲಾಂಪ್ ಹೊಡೆದು ಓಡಿಸಿ, ಸುಣ್ಣದ ಬಣ್ಣವನ್ನೇ ಬಳಿದರೆ ಕಣ್ಣಿಗೆ ಬೀಳಲ್ಲ. ಫ್ಯಾನ್ ಕೊಕ್ಕೆ ತೊಲೆಗೋ ಸಂದಿನಲ್ಲಿ ಕೂರಿಸಿದ ಕಬ್ಬಿಣದ ಪಟ್ಟಿಗೋ ಇರಲಿ. ಗೋಡೆಯ ಕಲ್ಲನ್ನು ಮಣ್ಣಿನಲ್ಲಿ ಕಟ್ಟಿದ್ದರೆ ಉಳಿ, ಸುತ್ತಿಗೆ ಬೇಡ, ಕಟಿಂಗ್ ಮೆಷಿನ್ ಇರಲಿ. ಮೇಲಿಂದ ಕೆಳಕ್ಕೆ ಮಾತ್ರ ಕೊರೆಯಿರಿ, ಅಡ್ಡಡ್ಡ ಕೊರೆಯೋದು ಬೇಡವೇ ಬೇಡ. ಪೈಪು 25 ಮಿಲಿಮೀಟರಿನದೇ ಹಾಕಿ. ವೈರ್ ತುಂಬಿದ ಮೇಲೂ ಒಳಗೆ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಇರಬೇಕು. ಪ್ಲಾಸ್ಟರಿಂಗ್ ಮಾಡುವ ಮೊದಲು ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ನಾಳೆ ಮೊಳೆ ಹೊಡೆಯುವಾಗ ನೆನಪಾಗುತ್ತೆ.

ಮನೆಯಲ್ಲಿ ಇದ್ದುಕೊಂಡೇ ಮಾಡಿಸಬಹುದು, ಧೂಳು ತಡೆದುಕೊಳ್ಳೋದಾದರೆ. ಮೊದಲು ಅರ್ಥ್ ಪಿಟ್ (ಅರ್ಥಿಂಗ್ ಪೈಪು ಹೂಳುವ ಗುಂಡಿ), ಆಮೇಲೆ ಹೊಸ ಡಿಬಿ, ಆಮೇಲೆ ಬಚ್ಚಲು, ಅಡುಗೆಮನೆ. ಕೊನೆಗೆ ಒಂದೊಂದೇ ಕೋಣೆ. ಇಷ್ಟಕ್ಕೆ ಎರಡು ಮೂರು ವಾರ ಬೇಕು. ಮದುವೆಗೆ ಅಷ್ಟು ಸಮಯ ಇಲ್ಲ ಅಂದರೆ ಮೊದಲ ನಾಲ್ಕನ್ನು ಈಗ ಮುಗಿಸಿ, ಮುಂಭಾಗವನ್ನು ಮದುವೆಯ ನಂತರಕ್ಕೆ ಇಡಿ. ಅಲ್ಲಿವರೆಗೆ ಹಳೇ ಭಾಗದಲ್ಲಿ ಲೈಟು, ಫ್ಯಾನ್ ಮಾತ್ರ, 6 ಆಂಪಿಯರ್ ಎಂಸಿಬಿ ಮೇಲೆ. ಚಪ್ಪರದ ಸೀರಿಯಲ್ ಸೆಟ್ಟಿಗೆ ಮನೆಯ ಬೋರ್ಡಿನಿಂದ ಲೈನ್ ಕೊಡಬೇಡಿ. ಲೈಟಿಂಗ್‌ನವರು ಜನರೇಟರ್ ತರಲಿ, ಇಲ್ಲವೇ ತಾತ್ಕಾಲಿಕ ಕನೆಕ್ಷನ್ ತೆಗೆದುಕೊಳ್ಳಿ.

ಕೆಲಸವನ್ನು ಲೈಸೆನ್ಸ್ ಇರುವ ಕಂಟ್ರಾಕ್ಟರ್‌ಗೇ ಕೊಡಿ. ಪಾಯಿಂಟ್ ಲೆಕ್ಕದಲ್ಲಿ ದರ ಹೇಳಿದರೆ 'ಪಾಯಿಂಟ್ ಅಂದ್ರೆ ಏನೇನು ಸೇರುತ್ತೆ?' ಅಂತ ಬರೆಸಿಕೊಳ್ಳಿ. ಗೋಡೆ ಕೊರೆದದ್ದನ್ನು ಮುಚ್ಚೋದು ಯಾರು ಅನ್ನೋದೂ ಅದರಲ್ಲಿರಲಿ, ಜಗಳ ಬರೋದೇ ಅಲ್ಲಿ. ವೈರಿನ 90 ಮೀಟರ್ ಕಾಯಿಲ್ ಮೇಲೆ ಐಎಸ್‌ಐ ಗುರುತು, ಐಎಸ್ 694 ಅಂತ ಇದೆಯಾ ನೋಡಿ. ಅಂಗಡಿಯವರು ಮೊದಲು ತೋರಿಸೋದು ಮಿರಮಿರ ಮಿಂಚುವ ಮಾಡ್ಯುಲರ್ ಪ್ಲೇಟ್‌ಗಳನ್ನು. ದುಡ್ಡು ಕಡಿಮೆ ಬಿದ್ದರೆ ಅವನ್ನು ಬಿಡಿ. ಪ್ಲೇಟನ್ನು ಯಾವತ್ತು ಬೇಕಾದರೂ ಬದಲಾಯಿಸಬಹುದು, ಗೋಡೆಯೊಳಗಿನದನ್ನು ಆಗಲ್ಲ.

ಕೊನೆಯ ಕಂತಿನ ಹಣ ಕೊಡುವ ಮೊದಲು ನಿಮ್ಮ ಕಣ್ಣೆದುರೇ ಮೆಗ್ಗರ್ ಟೆಸ್ಟ್ (ವೈರಿನ ಹೊದಿಕೆಯಿಂದ ಕರೆಂಟು ಸೋರುತ್ತಾ ಅಂತ ನೋಡುವ ಪರೀಕ್ಷೆ) ಮಾಡಿಸಿ. ಬಲ್ಬು, ಉಪಕರಣ ಎಲ್ಲ ತೆಗೆದು 500 ವೋಲ್ಟಿನಲ್ಲಿ ನೋಡಬೇಕು. ಒಂದು ಮೆಗಾಓಮ್‌ಗಿಂತ ಕೆಳಗೆ ತೋರಿಸಿದರೆ ಎಲ್ಲೋ ವೈರ್ ಸುಲಿದಿರಬಹುದು. ಹೊಸ ವೈರಿಂಗ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತೋರಿಸಬೇಕು. ಹಳೇ ಗೀಸರನ್ನು ರಿಪೇರಿ ಮಾಡಿಸದೆ ಹೊಸ ಲೈನಿಗೆ ಹಾಕಬೇಡಿ, ಹಾಕಿದ ತಕ್ಷಣ ಆರ್‌ಸಿಸಿಬಿ ಬೀಳುತ್ತೆ.

ಪ್ರಶ್ನೆ: ಕಳೆದ ವರ್ಷ ಪೂರ್ತಿ ವೈರಿಂಗ್ ಮಾಡಿಸಿದೆವು. ಯುಪಿಎಸ್ ಹಾಕಿಸಿದ ಮೇಲೆ ಆರ್‌ಸಿಸಿಬಿ ದಿನಾ ಬೀಳ್ತಿತ್ತು. ಎಲೆಕ್ಟ್ರಿಷಿಯನ್ ಅದನ್ನು ಬೈಪಾಸ್ ಮಾಡಿದ್ದಾರೆ. ಪರವಾಗಿಲ್ವಾ?
— ಒಬ್ಬ ಓದುಗರು, ತುಮಕೂರು

ಉತ್ತರ: ಪರವಾಗಿಲ್ಲ ಅನ್ನೋಕೆ ಆಗಲ್ಲ, ಅದನ್ನು ವಾಪಸ್ ಹಾಕಿಸಿ. ಆರ್‌ಸಿಸಿಬಿ ಮಾಡೋದು ಒಂದೇ ಲೆಕ್ಕ: ಫೇಸಿನಲ್ಲಿ ಹೋದ ಕರೆಂಟೆಲ್ಲ ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತಾ? ಯುಪಿಎಸ್ ಕೂರಿಸುವವರು ಅವಸರದಲ್ಲಿ ಫೇಸನ್ನು ಒಂದು ಕಡೆಯಿಂದ, ನ್ಯೂಟ್ರಲ್ಲನ್ನು ಕೈಗೆ ಸಿಕ್ಕ ಇನ್ನೊಂದು ಕಡೆಯಿಂದ ತಗೊಂಡಿರ್ತಾರೆ. ಲೆಕ್ಕ ತಪ್ಪುತ್ತೆ, ಬೀಳುತ್ತೆ. ಯುಪಿಎಸ್ ಲೈಟುಗಳ ನ್ಯೂಟ್ರಲ್ಲನ್ನು ಬೇರೆ ಮಾಡಿಸಿ. ಅಷ್ಟಾದರೂ ಬಿದ್ದರೆ ಎಂಸಿಬಿ ಒಂದೊಂದೇ ಆರಿಸಿ ನೋಡೋದಷ್ಟೇ ಸಾಲದು. ಮನೆಗಳಲ್ಲಿ ಹಾಕುವ ಸಿಂಗಲ್ ಪೋಲ್ ಎಂಸಿಬಿ ಫೇಸನ್ನಷ್ಟೇ ಕತ್ತರಿಸುತ್ತೆ. ಎಲ್ಲೋ ನ್ಯೂಟ್ರಲ್ ಅರ್ಥಿಗೆ ತಾಗಿದ್ದರೆ ಎಂಸಿಬಿ ಆರಿಸಿದರೂ ಬೀಳುತ್ತಲೇ ಇರುತ್ತೆ. ಮೇನ್ ಆಫ್ ಮಾಡಿ, ಡಿಬಿಯಲ್ಲಿ ನ್ಯೂಟ್ರಲ್‌ಗಳನ್ನು ಒಂದೊಂದಾಗಿ ಬಿಚ್ಚಿ ಹುಡುಕಬೇಕು. ಅರ್ಧ ದಿನದ ಕೆಲಸ. ಬೈಪಾಸ್‌ಗೆ ಎರಡು ನಿಮಿಷ ಸಾಕು, ಅದಕ್ಕೇ ಎಲ್ಲರೂ ಅದನ್ನೇ ಮಾಡೋದು.

ಪ್ರಶ್ನೆ: ನಮ್ಮದು ಗರಸು ಮಣ್ಣು, ನೆಲ ಯಾವಾಗಲೂ ಒಣಗಿರುತ್ತೆ. ಅರ್ಥಿಂಗ್ ಕೆಲಸ ಮಾಡುತ್ತಾ? ಎಲೆಕ್ಟ್ರಿಷಿಯನ್ ಫೇಸಿಗೂ ಅರ್ಥಿಗೂ ಬಲ್ಬ್ ಹಚ್ಚಿ ನೋಡಿದರು, ಚೆನ್ನಾಗಿ ಉರಿಯಿತು.
— ಒಬ್ಬ ಓದುಗರು, ಕೋಲಾರ

ಉತ್ತರ: ಬಲ್ಬ್ ಉರಿದದ್ದನ್ನು ನಂಬಬೇಡಿ. 100 ವ್ಯಾಟ್ ಬಲ್ಬಿನದೇ ರೋಧ 500 ಓಮ್ ಮೇಲಿರುತ್ತೆ. ಅರ್ಥಿಂಗ್ 50 ಓಮ್ ಇದ್ದರೂ ಬಲ್ಬಿಗೆ 210 ವೋಲ್ಟ್ ಸಿಕ್ಕಿ ಹೆಚ್ಚುಕಡಿಮೆ ಹಾಗೇ ಉರಿಯುತ್ತೆ. ಅದೇ 50 ಓಮ್ ಅರ್ಥಿಂಗಿಗೆ ಗೀಸರ್ ಶಾರ್ಟ್ ಆದರೆ ಹರಿಯೋದು 4.6 ಆಂಪಿಯರ್ ಅಷ್ಟೇ. 20 ಆಂಪಿಯರ್ ಎಂಸಿಬಿ ಅಲುಗಾಡಲ್ಲ, ಗೀಸರ್ ಮೈಯಲ್ಲಿ ಕರೆಂಟ್ ನಿಂತೇ ಇರುತ್ತೆ. ನಿಮ್ಮಂಥ ನೆಲದಲ್ಲಿ ಆರ್‌ಸಿಸಿಬಿ ಇಲ್ಲದ ಅರ್ಥಿಂಗನ್ನು ನೆಚ್ಚಿಕೊಳ್ಳೋಕೆ ಆಗಲ್ಲ.

ಅರ್ಥ್ ಟೆಸ್ಟರ್ ತಂದು ಓಮ್ ಅಳೆಯಿರಿ ಅಂತ ಕೇಳಿ, 5ರೊಳಗೆ ಬಂದರೆ ಒಳ್ಳೆಯದು. ಅರ್ಥಿಂಗಿಗೆ ಹೂಳುವ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು 40 ಮಿಲಿಮೀಟರ್ ದಪ್ಪ, ಕನಿಷ್ಠ 2.5 ಮೀಟರ್ ಉದ್ದ ಇರಬೇಕು. ಬಂಡೆ ಸಿಕ್ಕಿತು ಅಂತ ಅರ್ಧಕ್ಕೆ ಕತ್ತರಿಸಿ ಹೂಳೋದು ಇಲ್ಲಿ ಮಾಮೂಲಿ, ಆದ್ದರಿಂದ ಹೂಳುವಾಗ ಎದುರಲ್ಲೇ ನಿಂತಿರಿ. ಆಳ ಸಿಗದಿದ್ದರೆ ಸ್ವಲ್ಪ ದೂರದಲ್ಲಿ ಎರಡನೇ ಗುಂಡಿ ತೋಡಿಸಿ ಎರಡನ್ನೂ ಜೋಡಿಸಿ. ಜಾಗ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ನೀರು ಹರಿದು ಇಂಗುವ ಕಡೆ ಇರಲಿ, ಬೇಸಿಗೆಯಲ್ಲೂ ತೇವ ಆರಲ್ಲ. ಉಪ್ಪು, ಇದ್ದಿಲು ಹಾಕಿ. ಉಪ್ಪು ಪೈಪನ್ನೂ ತಿನ್ನುತ್ತೆ, ಹಾಗಾಗಿ ಕೆಲವು ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ಮೇಲಿನ ಬೋಲ್ಟು ತುಕ್ಕು ಹಿಡಿದಿದೆಯಾ ನೋಡಿ. ಗುಂಡಿಯ ಮೇಲೆ ಟೈಲ್ಸ್ ಹಾಕಿ ಮುಚ್ಚಿಬಿಡಬೇಡಿ.