ಒಂದೇ ಹೊಂಗೆ ಮರದ ಚಿತ್ರವನ್ನು ವರ್ಷವಿಡೀ ತೆಗೆಯುವ ಕುರಿತು

ಮನೆಯೆದುರಿನ ಹೊಂಗೆ ಮರದ ಚಿತ್ರವನ್ನು ತಿಂಗಳುಗಟ್ಟಲೆ ತೆಗೆದರೂ ಅವು ಒಂದಕ್ಕೊಂದು ಹೊಂದುತ್ತಿಲ್ಲ, ಬಣ್ಣವೂ ಬದಲಾಗುತ್ತಿದೆ ಎಂದು ತಾವು ಕೇಳಿದ್ದೀರಿ. ಬಣ್ಣದ ತೊಂದರೆಗೆ ಸಾಮಾನ್ಯವಾಗಿ ಆಟೋ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿಗೆ ತಕ್ಕಂತೆ ಕ್ಯಾಮೆರಾ ತಾನೇ ಬಣ್ಣ ಹೊಂದಿಸಿಕೊಳ್ಳುವುದು, ಕಾರಣ. ಅದನ್ನು ಹಗಲಿನ ಬೆಳಕಿನ ಆಯ್ಕೆಯಾದ ಡೇಲೈಟ್‌ಗೆ ನಿಲ್ಲಿಸಿ, ಚಿತ್ರ ತಿದ್ದುವಾಗಲೂ ಹಾಗೆಯೇ ಉಳಿಸಿಕೊಂಡರೆ ಮಳೆಗಾಲದ ಮಬ್ಬು ಮಬ್ಬಾಗಿಯೇ ಕಾಣುತ್ತದೆ. ಇನ್ನು ಚಿತ್ರಗಳು ಒಂದಕ್ಕೊಂದು ಹೊಂದಬೇಕಾದರೆ, ಜೂಮ್ ಲೆನ್ಸಿನಲ್ಲಿ 35 ಅಥವಾ 50 ಮಿ.ಮೀ. ಎಂದು ಒಂದೇ ನಾಭಿದೂರಕ್ಕೆ (ಜೂಮ್ ಮಟ್ಟಕ್ಕೆ) ಅಂಟಿಕೊಳ್ಳಿ. ನಿಲ್ಲುವ ಜಾಗಕ್ಕೆ ಬಣ್ಣದ ಗುರುತು ಹಾಕಿ, ಹಳೆಯ ಚಿತ್ರವನ್ನು ಮೊಬೈಲಿನಲ್ಲಿ ನೋಡಿಕೊಂಡು, ಕಾಂಪೌಂಡ್ ಗೋಡೆಯ ಮೂಲೆಯಂತಹ ಕದಲದ ವಸ್ತುವಿಗೆ ಚೌಕಟ್ಟನ್ನು ಸರಿಹೊಂದಿಸಿ.

ಆದರೆ ದೂರದ ನೋಟವೊಂದೇ ಸಾಲದೆಂಬುದು ನನ್ನ ಅಭಿಪ್ರಾಯ. ಹೊಂಗೆಯು ಬೇಸಿಗೆಯ ಆರಂಭದಲ್ಲಿ ಎಲೆಯುದುರಿಸಿ ಯುಗಾದಿಯ ಆಸುಪಾಸಿನಲ್ಲಿ ಮಿರುಗುವ ಎಳೆಹಸಿರಿಗೆ ತಿರುಗುತ್ತದೆ. ಮುಂದೆ ಅದೇ ಎಲೆಗಳ ಮೇಲೆ ಹುಳು ಕೊರೆದ ಬಿಳಿಯ ಅಂಕುಡೊಂಕು ಗೆರೆಗಳೂ ನುಸಿಗಳಿಂದ ಎದ್ದ ಪುಟ್ಟ ಗಂಟುಗಳೂ ಕಾಣಿಸಿಕೊಳ್ಳುತ್ತವೆ. ಕೈಗೆಟಕುವ ಒಂದು ರೆಂಬೆಗೆ ಸಡಿಲವಾಗಿ ದಾರ ಕಟ್ಟಿ, ಆ ರೆಂಬೆಯ ಚಿತ್ರವನ್ನೇ ವಾರಕ್ಕೊಮ್ಮೆ ಹತ್ತಿರದಿಂದ ತೆಗೆಯಿರಿ. ಮರಗಳನ್ನು ವಾರವಾರ ಗಮನಿಸಿ ದಾಖಲಿಸುವ ಸೀಸನ್‌ವಾಚ್ ಯೋಜನೆಗೂ ತಮ್ಮ ಎಲೆ, ಹೂ, ಕಾಯಿಗಳ ಟಿಪ್ಪಣಿಯನ್ನು ಕಳುಹಿಸಬಹುದು. ಕಡತದ ಹೆಸರನ್ನು 2025-03-30 ಎಂಬಂತೆ ವರ್ಷದಿಂದಲೇ ಆರಂಭಿಸಿದರೆ ಚಿತ್ರಗಳು ತಾವಾಗಿಯೇ ಕ್ರಮದಲ್ಲಿ ಕೂರುತ್ತವೆ.