ಗಂಡ ಈಚೆಗೆ ಮೊಬೈಲ್ ಕವುಚಿ ಇಡುತ್ತಾರೆ, ಲಾಕ್ ಕೂಡ ಬದಲಿಸಿದ್ದಾರೆ. ಸಂಶಯ ಪಡಬೇಕಾ?

ಅಷ್ಟಕ್ಕೇ ಬೇಡ. ಏನೋ ಬದಲಾಗಿದೆ ಎಂಬುದು ನಿಜ, ಆದರೆ ಏನು ಎಂಬುದು ಇಷ್ಟರಿಂದಲೇ ಗೊತ್ತಾಗುವುದಿಲ್ಲ. ಬೇರೆ ಸಂಬಂಧ ಇದ್ದವರೂ ಫೋನ್ ಮುಚ್ಚಿಡುತ್ತಾರೆ, ಸಾಲ ಮಾಡಿಕೊಂಡವರೂ ಮುಚ್ಚಿಡುತ್ತಾರೆ. ಒಟಿಪಿ ಮೋಸಕ್ಕೆ ಹೆದರಿ ಲಾಕ್ ಬದಲಿಸಿದವರೂ ಇದ್ದಾರೆ.

ಒಮ್ಮೆ ಸಂಶಯ ಹೊಕ್ಕರೆ ಮನಸ್ಸು ಅದಕ್ಕೆ ಹೊಂದುವುದನ್ನು ಮಾತ್ರ ಹೆಕ್ಕುತ್ತದೆ. ಮಲ್ಪೆ ಬೀಚಿನಲ್ಲಿ ಫೋನ್ ನಿಮ್ಮ ಕೈಗೇ ಕೊಟ್ಟು ನೀರಿಗಿಳಿದದ್ದು ಮರೆತುಹೋಗುತ್ತದೆ; ಗಂಜಿ ಬಟ್ಟಲಿನ ಪಕ್ಕ ಕವುಚಿ ಇಟ್ಟದ್ದು ನೆನಪಿರುತ್ತದೆ. ಕದ್ದು ನೋಡಿದರೂ ಸುಖವಿಲ್ಲ. ವಾಟ್ಸಾಪ್‌ನಲ್ಲಿ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಮೆಸೇಜ್ ತಾನಾಗಿ ಅಳಿಯುವ ಸೆಟ್ಟಿಂಗ್ ಇದೆ. ಏನೂ ಸಿಗದಿದ್ದರೆ ‘ಅಳಿಸಿರಬೇಕು’ ಅಂತ ಇನ್ನೂ ಜಾಸ್ತಿ ಅನ್ನಿಸುತ್ತದೆ, ಅಲ್ವಾ?

ಉಡುಪಿಯಲ್ಲಿ ನಮ್ಮ ಪಕ್ಕದ ಮನೆಯವರು ಹೀಗೇ ಮೂರು ತಿಂಗಳು ನಿದ್ದೆಗೆಟ್ಟರು. ಕೊನೆಗೆ ಕೇಳಿದರೆ, ಗಂಡ ಸೊಸೈಟಿಯಲ್ಲಿ ಚಿನ್ನ ಅಡವಿಟ್ಟಿದ್ದರು! ಬಡ್ಡಿ ಕಟ್ಟುವ ಮೆಸೇಜ್ ಕಾಣದಿರಲಿ ಅಂತ ಅಷ್ಟೆಲ್ಲ ಸರ್ಕಸ್ಸು.

ಹಾಗಾಗಿ ನೇರ ಕೇಳಿ, ಆದರೆ ‘ಯಾರವಳು?’ ಎಂದಲ್ಲ. ‘ನಾನು ಹತ್ತಿರ ಬಂದರೆ ಫೋನ್ ಸರಿಸ್ತೀರಿ, ನನಗೆ ಹೆದರಿಕೆ ಆಗ್ತದೆ’ ಅನ್ನಿ. ಉತ್ತರದಲ್ಲಿ ಜಾರುವುದು, ಹಣದ ಲೆಕ್ಕ ಹೊಂದದಿರುವುದು, ಎಲ್ಲಿದ್ದೆ ಎಂಬುದರಲ್ಲಿ ಸುಳ್ಳು, ಇವೆಲ್ಲ ಒಟ್ಟಿಗೆ ಕಂಡರೆ ಆಗ ಮಾತು ಬೇರೆ.